ಮನೋವೈದ್ಯರನ್ನು ಕೇಳಿ: ತಲೆಯಿಂದ ಹೋಗದ ಕೆಟ್ಟ ಯೋಚನೆಗಳು

ಅಡ್ಮಿನ್: ಇವತ್ತು ಸಂಜೆ 7ರಿಂದ 9ರವರೆಗೆ ನಮ್ಮ ಗುಂಪಿನ ಮನೋವೈದ್ಯೆ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮೆಜೆಸ್ಟಿಕ್ ಬಸ್: ಮೇಡಂ, ದಿಂಬಿಗೆ ತಲೆ ಇಟ್ಟ ಕೂಡಲೇ ಲೋನ್ ಕಂತು, ಆಫೀಸು, ಅಪ್ಪನ ಶುಗರ್ ಎಲ್ಲಾ ಒಂದರ ಹಿಂದೊಂದು ಬರುತ್ತೆ. ಯೋಚಿಸಬಾರದು ಅಂದುಕೊಂಡಷ್ಟೂ ಜಾಸ್ತಿ.

ಮನೋವೈದ್ಯೆ: ಯೋಚಿಸಬಾರದು ಅಂತ ಹಟ ಹಿಡಿದರೆ ಮನಸ್ಸು ‘ಅದು ಬಂತಾ, ಬಂತಾ’ ಅಂತ ಕಾಯ್ತಾ ಕೂರುತ್ತೆ, ಅದಕ್ಕೇ ಜಾಸ್ತಿಯಾಗೋದು. ತಡೆಯೋ ಬದಲು ಯೋಚನೆಗೊಂದು ಹೊತ್ತು ಗೊತ್ತು ಮಾಡಿ. ಸಂಜೆ 6.30ಕ್ಕೆ 20 ನಿಮಿಷ, ಕುರ್ಚಿ ಮೇಲೆ. ಹಾಸಿಗೆ ಮೇಲಲ್ಲ. ಪುಟದ ಎಡಕ್ಕೆ ಏನಾದರೂ ಮಾಡಬಹುದಾದದ್ದು, ಬಲಕ್ಕೆ ನಿಮ್ಮ ಕೈಲಿಲ್ಲದ್ದು. ‘ಸಾಲ ತೀರಿಸಬೇಕು’ ಅಂತ ಬರೆದರೆ ಪ್ರಯೋಜನವಿಲ್ಲ. ‘ಗುರುವಾರ 11ಕ್ಕೆ ಬ್ಯಾಂಕಿಗೆ ಹೋಗಿ ಕಂತು ಇಳಿಸಲು ಆಗುತ್ತಾ ಕೇಳೋದು’ ಅಂತಿರಲಿ. ಬಲಗಡೆಯದನ್ನ ಬರೆದು ಬಿಟ್ಟುಬಿಡಿ, ಅದನ್ನ ಬಿಡಿಸೋಕೆ ಕೂರಬೇಡಿ. ರಾತ್ರಿ ಅದೇ ಬಂದರೆ ‘ನಾಳೆ ಆರೂವರೆಗೆ’ ಅಂದರೆ ಸಾಕು. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಲ್ಲಿ ಕೂತಿರಿ, ತೂಕಡಿಕೆ ಬಂದಾಗ ಮಲಗಿ. ಮೊಬೈಲ್ ಬೇಡ, ಗಡಿಯಾರವನ್ನೂ ನೋಡಬೇಡಿ. ಜನ ಎಡವೋದು ಎರಡು ಕಡೆ: ರಾತ್ರಿ ಹತ್ತಕ್ಕೆ ಬರೆಯೋಕೆ ಕೂರ್ತಾರೆ, ಇಲ್ಲಾ ಮೂರೇ ದಿನಕ್ಕೆ ಕೈಬಿಡ್ತಾರೆ. ಎರಡು ವಾರವಾದರೂ ಮಾಡಿ.

ಮನೆಮದ್ದು ಅಕ್ಕ: ನೆಗೆಟಿವ್ ಯೋಚನೆ 3 ದಿನದಲ್ಲಿ ಮಾಯ!! ರಾತ್ರಿ ಬಿಸಿ ಹಾಲಿಗೆ 2 ಚಮಚ ಜಾಯಿಕಾಯಿ ಪುಡಿ ಬೆರೆಸಿ ಕುಡಿಯಿರಿ. 10 ಜನಕ್ಕೆ ಕಳಿಸಿ 🙏

ಮನೋವೈದ್ಯೆ: ಮೊದಲು ಇದನ್ನ ಅಳಿಸಿ. ಜಾಯಿಕಾಯಿ 5 ಗ್ರಾಂ ಹತ್ತಿರ ಹೋದರೆ ವಿಷ, 2 ಚಮಚ ಅಂದರೆ ಹೆಚ್ಚೂಕಮ್ಮಿ ಅಷ್ಟೇ. ಕುಡಿದು ಕೆಲವು ಗಂಟೆ ಕಳೆದ ಮೇಲೆ ಎದೆ ಹೊಡೆದುಕೊಳ್ಳುತ್ತೆ, ಬಾಯಿ ಒಣಗುತ್ತೆ, ವಾಂತಿ, ಗಲಿಬಿಲಿ, ಇಲ್ಲದ್ದು ಕಾಣಿಸೋದು. ಪಾಯಸಕ್ಕೆ ಹಾಕೋ ಚಿಟಿಕೆ ಬೇರೆ, ಇದು ಬೇರೆ.

ಮನೆಮದ್ದು ಅಕ್ಕ: ನಮ್ಮಜ್ಜಿ ಕೂಸಿಗೂ ತೇಯ್ದು ನೆಕ್ಕಿಸ್ತಿದ್ರು. ಆಗ ಯಾರಿಗೂ ಡಿಪ್ರೆಶನ್ ಇರಲಿಲ್ಲ.

ಧಾರವಾಡದಾಂವ: ಇರಲಿಲ್ಲಂತ ಯಾರ್ ಹೇಳಿದ್ರೀ? ಆವಾಗ ಅದಕ್ಕ ‘ಗಾಳಿ ಸೋಕೇತಿ’ ಅಂತಿದ್ರು, ತಾಯತ ಕಟ್ಟತಿದ್ರು. ಹೆಸರ ಬ್ಯಾರೆ ಇತ್ತ ಅಷ್ಟ.

ಮನೆಮದ್ದು ಅಕ್ಕ: ನಿಮ್ಮನ್ನ ಯಾರೂ ಕೇಳಿಲ್ಲ.

ಧಾರವಾಡದಾಂವ: ಜಾಯಿಕಾಯಿ ಬಗ್ಗೆನೂ ಯಾರೂ ಕೇಳಿರಲಿಲ್ರೀ ಅಕ್ಕಾರ.

ಸೋಮವಾರ ಬೇಡ: ರಾತ್ರಿ ಮಲಗಿದಾಗ ಬೇಡದ ಯೋಚನೆ ಬರುತ್ತೆ, ಏನು ಮಾಡಲಿ ಮೇಡಂ?

ಮನೋವೈದ್ಯೆ: ಮೇಲಿದೆ.

ಜಿಮ್ ರಾಜ: ಬೆಳಿಗ್ಗೆ ಕನ್ನಡಿ ಮುಂದೆ ‘ನಾನು ಗೆದ್ದೇ ಗೆಲ್ತೀನಿ’ ಅಂತ 21 ಸಲ ಹೇಳಿದರೆ?

ಮನೋವೈದ್ಯೆ: ತನ್ನನ್ನ ತಾನೇ ಕೀಳಾಗಿ ಕಾಣೋರಿಗೆ ಇದು ತಿರುಗುಬಾಣ ಆಗಬಹುದು. 2009ರಲ್ಲಿ ಕೆನಡಾದ ಸಂಶೋಧಕರು ಇದನ್ನೇ ಕಂಡರು: ಒಳಗೆ ನಂಬಿಕೆ ಇಲ್ಲದವರಿಗೆ ಹೇಳಿಕೊಂಡ ಮೇಲೆ ಬೇಜಾರು ಹೆಚ್ಚಾಯಿತು. ನಿಮಗೇ ನಂಬೋಕಾಗುವ ವಾಕ್ಯ ಹುಡುಕಿ. ‘ಈ ಇಂಟರ್‌ವ್ಯೂ ಹೋಯಿತು, ಎರಡನೇ ಸುತ್ತಿನವರೆಗೆ ಬಂದಿದ್ದೆ’ ಅನ್ನೋ ಥರ.

ಹೆಸರು ಬೇಡ: ಖಿನ್ನತೆಗೆ ಕೊಟ್ಟಿದ್ದ ಎಸ್ಸಿಟಲೋಪ್ರಾಮ್ 10 ಎಂಜಿ ಮಾತ್ರೆ ನಾನೇ ನಿಲ್ಲಿಸಿದೆ. ತಲೆ ಝುಂ ಅನ್ನುತ್ತೆ.

ಮನೋವೈದ್ಯೆ: ತಟ್ಟನೆ ನಿಲ್ಲಿಸಿದ್ದಕ್ಕೇ ಇರಬಹುದು. ಬರೆದುಕೊಟ್ಟ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ. ಡೋಸ್ ಹಂತಹಂತವಾಗಿ ಇಳಿಸಬೇಕು.

ತುಮಕೂರು ತೆಂಗು: ಬಿ12 ಕಮ್ಮಿ ಇದ್ದರೂ ಹೀಗಾಗುತ್ತಾ?

ಅನಾಮಧೇಯ ಸದಸ್ಯೆ: ಹೆರಿಗೆಯಾಗಿ ಏಳು ವಾರ. ಅಮ್ಮನ ಮನೇಲಿದ್ದೀನಿ. ಮಗುಗೆ ನೀರು ಹಾಕುವಾಗ ಕೈಬಿಟ್ಟುಬಿಡ್ತೀನಿ ಅನ್ನಿಸುತ್ತೆ. ಈಳಿಗೆಮಣೆ ಕಂಡರೆ ಹೇಳಬಾರದ ಚಿತ್ರ ಬರುತ್ತೆ. ಅದನ್ನ ಅಟ್ಟಕ್ಕೆ ಹಾಕಿಸಿದೆ. ಮಗುವನ್ನ ಒಬ್ಬಳೇ ಎತ್ತಿಕೊಳ್ತಿಲ್ಲ. ಯಾರಿಗೂ ಹೇಳಿಲ್ಲ.

ಮನೋವೈದ್ಯೆ: ನಾಲ್ಕು ಪ್ರಶ್ನೆ, ನೇರವಾಗಿ ಉತ್ತರಿಸಿ. ಹಾಗೆ ಮಾಡು ಅಂತ ಯಾರದಾದರೂ ದನಿ ಕೇಳಿಸುತ್ತಾ? ಈ ಮಗು ನಿಮ್ಮದಲ್ಲ, ಅದರಲ್ಲೇನೋ ಕೆಟ್ಟದ್ದಿದೆ ಅನ್ನಿಸುತ್ತಾ? ನಿದ್ದೆಯೇ ಇಲ್ಲದೆ ಮೈತುಂಬ ಹುರುಪು ಇದೆಯಾ? ನಿಮ್ಮ ಜೀವ ತೆಗೆದುಕೊಳ್ಳಬೇಕು ಅನ್ನಿಸಿದೆಯಾ?

ಅನಾಮಧೇಯ ಸದಸ್ಯೆ: ನಾಲ್ಕೂ ಇಲ್ಲ. ಆ ಯೋಚನೆ ಬಂದರೆ ಮೈ ನಡುಗುತ್ತೆ.

ನ್ಯಾಯವಾದಿ: ಇಂಥ ತಾಯಿ ಹತ್ರ ಮಗು ಬಿಡಬಾರದು.

ಮನೋವೈದ್ಯೆ: ಅಡ್ಮಿನ್, ಇದನ್ನ ತೆಗೆಯಿರಿ. ಇಂಥ ಮಾತಿಗೆ ಹೆದರಿಯೇ ಹೆಣ್ಣುಮಕ್ಕಳು ಬಾಯಿ ಬಿಡೋದಿಲ್ಲ.

ಅಮ್ಮಾ, ನೀವು ಓದಿ. ಹೊಸ ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮಗುವಿಗೆ ತಾವೇ ಏನಾದರೂ ಮಾಡಿಬಿಟ್ಟೇವು ಅನ್ನೋ ಯೋಚನೆ ಒಮ್ಮೆಯಾದರೂ ಬಂದಿರುತ್ತೆ. ನಡುಗುತ್ತೆ ಅಂದಿರಲ್ಲ, ಅದೇ ಮುಖ್ಯ: ಈ ಯೋಚನೆ ನಿಮ್ಮ ಇಷ್ಟಕ್ಕೆ ತದ್ವಿರುದ್ಧ. ನೀವು ಬರೆದದ್ದು ಗೀಳು ಕಾಯಿಲೆಯ (ಒಸಿಡಿ, ಬೇಡದ ಯೋಚನೆ ಮತ್ತೆಮತ್ತೆ ನುಗ್ಗಿ ಕಾಡೋದು) ಥರ ಕಾಣುತ್ತೆ, ಆದರೆ ಅದನ್ನ ಎದುರು ಕೂತು ನೋಡಿಯೇ ಹೇಳಬೇಕು. ಈ ವಾರವೇ ಮನೋವೈದ್ಯರ ಹತ್ತಿರ ಹೋಗಿ.

ಈಳಿಗೆಮಣೆ ಅಟ್ಟಕ್ಕೆ ಹೋದ ದಿನ ಸಮಾಧಾನ ಆಗಿರುತ್ತೆ. ಆದರೆ ಮನಸ್ಸು ಕಲಿತದ್ದೇನು? ‘ಅಟ್ಟಕ್ಕೆ ಹಾಕಿದ್ದಕ್ಕೇ ಮಗು ಉಳಿಯಿತು’ ಅಂತ. ನಾಳೆ ಕತ್ತರಿ, ನಾಡಿದ್ದು ಬಚ್ಚಲು. ಡಾಕ್ಟರನ್ನ ಕಂಡ ಮೇಲೆ ಅವರ ಜೊತೆ ಮಾತಾಡಿಕೊಂಡೇ ಇದನ್ನ ಹಿಂದಕ್ಕೆ ತರೋದು: ಈಳಿಗೆಮಣೆ ಅಡುಗೆಮನೆಗೆ, ನೀರು ಹಾಕುವಾಗ ಮೊದಲು ಅಮ್ಮ ಪಕ್ಕದಲ್ಲಿ, ಆಮೇಲೆ ಬಾಗಿಲಲ್ಲಿ, ಆಮೇಲೆ ಹೊರಗೆ. ಚಿತ್ರ ಬಂದಾಗ ಅದನ್ನ ಅಳಿಸೋಕೆ ಮಂತ್ರ ಹೇಳೋದು, ‘ನಾನು ಹಾಗೆ ಮಾಡಲ್ಲ ತಾನೇ’ ಅಂತ ಅಮ್ಮನ್ನ ಪದೇಪದೇ ಕೇಳೋದು ಬೇಡ. ಎರಡೂ ಗೀಳಿಗೇ ಮೇವು. ಮಾತ್ರೆ ಬೇಕಾದರೆ ಎದೆಹಾಲು ಕುಡಿಸೋರಿಗೆ ಸಾಮಾನ್ಯವಾಗಿ ಸರ್ಟ್ರಾಲಿನ್ ಕೊಡ್ತೀವಿ, ಹಾಲಿಗೆ ಸೇರೋದು ತೀರಾ ಕಡಿಮೆ. ಗೀಳಿಗೆ ಅದರ ಪೂರ್ತಿ ಗುಣ ಕಾಣೋಕೆ 8ರಿಂದ 12 ವಾರ ಬೇಕು, ಮೂರನೇ ವಾರಕ್ಕೆ ‘ಕೆಲಸ ಮಾಡ್ತಿಲ್ಲ’ ಅಂತ ಬಿಡಬೇಡಿ.

ನಾನು ಕೇಳಿದ ನಾಲ್ಕರಲ್ಲಿ ಒಂದು ಶುರುವಾದರೂ ಅವತ್ತೇ ಆಸ್ಪತ್ರೆಗೆ, ಮಗುವಿನ ಜೊತೆ ಒಬ್ಬರೇ ಇರಬೇಡಿ. ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗೇ ದಾಖಲಾಗೋ ವಾರ್ಡ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.

ಜಿಮ್ ರಾಜ: ಕೈಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಯೋಚನೆ ಬಂದಾಗಲೆಲ್ಲಾ ಎಳೆದು ಹೊಡ್ಕೊಳ್ಳಿ ಸಿಸ್ಟರ್.

ಮನೋವೈದ್ಯೆ: ಬೇಡ. ಅದೂ ಯೋಚನೆಯನ್ನ ತಡೆಯೋ ಇನ್ನೊಂದು ಹಟ. ರೀಲ್ಸ್ ನೋಡಿ ಬಾಣಂತಿಗೆ ಚಿಕಿತ್ಸೆ ಹೇಳಬೇಡಿ.

ಜಿಮ್ ರಾಜ: ಒಳ್ಳೇದಕ್ಕೆ ಹೇಳಿದ್ರೂ ಬೈತೀರಲ್ಲಾ.

ಧಾರವಾಡದಾಂವ: ಬೈದಿಲ್ಲೋ ತಮ್ಮಾ, ಇನ್ನೂ ಸುರು ಆಗಿಲ್ಲ.

ಮನೆಮದ್ದು ಅಕ್ಕ: ಈ ಗುಂಪಲ್ಲಿ ಹಿರಿಯರಿಗೆ ಮರ್ಯಾದೆಯೇ ಇಲ್ಲ.

ಕೆಂಗೇರಿ ಸ್ಟೇಷನ್: ರಾತ್ರಿ ನಿದ್ದೆ ಬರ್ತಿಲ್ಲ, ಬರೀ ಯೋಚನೆ ಮೇಡಂ.

ಅನಾಮಧೇಯ ಸದಸ್ಯೆ: ಅಮ್ಮನಿಗೆ ಏನಂತ ಹೇಳಲಿ? ಹೆದರಿಬಿಡ್ತಾರೆ.

ಮನೋವೈದ್ಯೆ: ‘ಬೇಡದ ಹೆದರಿಕೆ ಬರ್ತಿದೆ, ಬಾಣಂತನದಲ್ಲಿ ಎಷ್ಟೋ ಜನಕ್ಕೆ ಬರುತ್ತಂತೆ, ಡಾಕ್ಟರ ಹತ್ರ ಹೋಗೋಣ, ನೀನೂ ಬಾ’. ಇಷ್ಟು ಸಾಕು. ವಿವರ ಡಾಕ್ಟರ ಮುಂದೆ ಹೇಳಿದರಾಯಿತು. ದಿನ ಗೊತ್ತಾದ ಮೇಲೆ ಇಲ್ಲೊಂದು ಸಾಲು ಹಾಕಿ.

ಅಡ್ಮಿನ್: 9.20 ಆಯ್ತು. ಈ ಪೋಸ್ಟಿಗೆ ಇನ್ನು ಆ ಸದಸ್ಯೆ ಬಿಟ್ಟು ಬೇರೆಯವರ ಕಾಮೆಂಟ್ ಬಂದರೆ ಅಳಿಸ್ತೀನಿ.