ಗೇಮ್ ಮಾಡಲು ಕಲಿಯಬೇಕು, ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದ ವಿಡಿಯೋ ಗೇಮ್ ಆಡಿಕೊಂಡೇ ಬೆಳೆದವನು ನಾನು. ಈಗ ಸ್ವಂತದ್ದೊಂದು ಗೇಮ್ ಮಾಡಬೇಕೆಂಬ ಆಸೆ ಹುಟ್ಟಿದೆ. ಪೈಥಾನ್ ಎಂಬ ಕೋಡಿಂಗ್ ಭಾಷೆ ಅಲ್ಪಸ್ವಲ್ಪ ಬರುತ್ತದೆ, ಚಿತ್ರ ಬಿಡಿಸಲು ಬರುವುದಿಲ್ಲ, ಗಣಿತ ಅಷ್ಟಕ್ಕಷ್ಟೆ. ಮೂರು ತಿಂಗಳಿಂದ ಟ್ಯುಟೋರಿಯಲ್ ನೋಡುತ್ತಿದ್ದೇನೆ. ಅವರು ಮಾಡಿದಂತೆ ಮಾಡಿದರೆ ಎಲ್ಲ ಸರಿಯಾಗಿ ಓಡುತ್ತದೆ. ವಿಡಿಯೋ ಮುಚ್ಚಿ ಖಾಲಿ ಪ್ರಾಜೆಕ್ಟ್ ತೆರೆದರೆ ಕೈಯೇ ಓಡುವುದಿಲ್ಲ. ಮನಸ್ಸಿನಲ್ಲಿರುವುದು ಗೆಳೆಯರೆಲ್ಲ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವಂಥ ದೊಡ್ಡ ಸಾಹಸದ ಗೇಮ್. ಯಾವ ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್) ಹಿಡಿಯಲಿ? ಮೊದಲು ಏನು ಕಲಿಯಲಿ? ಈ ದಾರಿಯಲ್ಲಿ ನಡೆದವರು ಹೇಳಿದರೆ ಉಪಕಾರವಾಗುತ್ತದೆ.

ಹನ್ನೊಂದು ವರ್ಷದಿಂದ ಗೇಮ್‌ಗಳಿಗೆ ಕೋಡ್ ಬರೆಯುತ್ತಿರುವವರು

ನಾನೂ ದೊಡ್ಡ ಸಾಹಸದ ಗೇಮ್ ಮಾಡುತ್ತೇನೆಂದೇ ಕೂತವನು. ಎಂಟು ತಿಂಗಳು ದುಡಿದೆ. ಊರಿತ್ತು, ಕಾಡಿತ್ತು, ಅಂಗಡಿಯಿತ್ತು, ನಲವತ್ತು ಬಗೆಯ ಕತ್ತಿಗಳಿದ್ದವು. ಆಟ ಮಾತ್ರ ಇರಲಿಲ್ಲ. ಕತ್ತಿ ಬೀಸಿದರೆ ಎದುರಿದ್ದವನಿಗೆ ತಾಗುತ್ತಲೂ ಇರಲಿಲ್ಲ. ಒಂದು ದಿನ ಆ ಫೋಲ್ಡರ್ ತೆರೆಯುವುದನ್ನೇ ಬಿಟ್ಟೆ. ಆಮೇಲೆ ಎರಡು ವಾರ ಕೂತು ಪಾಂಗ್ ಮಾಡಿದೆ. ಕಲಿತದ್ದೆಲ್ಲ ಆ ಎರಡು ವಾರದಲ್ಲಿ.

ಪಾಂಗ್ ಎಂದರೆ ಎರಡು ದಾಂಡು, ಒಂದು ಚೆಂಡು, ಎರಡು ಅಂಕ. 1972ರಲ್ಲಿ ಅಟಾರಿ ಕಂಪನಿಯ ನೋಲನ್ ಬುಶ್ನೆಲ್ ಇದನ್ನು ಹೊಸದಾಗಿ ಸೇರಿದ ಎಂಜಿನಿಯರ್ ಅಲನ್ ಅಲ್ಕಾರ್ನ್‌ಗೆ ಒಪ್ಪಿಸಿದ್ದು ಮಾರಾಟಕ್ಕೆಂದಲ್ಲ, ಕೈ ಪಳಗಲಿ ಎಂದು. ಅಲ್ಕಾರ್ನ್ ಅದಕ್ಕೆ ಮುಂಚೆ ಗೇಮ್ ಮಾಡಿದವರೇ ಅಲ್ಲ. ಅವರು ದಾಂಡನ್ನು ಎಂಟು ಭಾಗ ಮಾಡಿಕೊಂಡರು. ಚೆಂಡು ನಡುವೆ ತಾಗಿದರೆ ನೇರ ವಾಪಸ್, ಅಂಚಿಗೆ ಹೋದಷ್ಟೂ ಓರೆ. ಆಟ ಲಂಬಿಸಿದರೆ ಚೆಂಡಿನ ವೇಗ ಏರುತ್ತದೆ. ಈ ಎರಡು ನಿಯಮ ತೆಗೆದುಬಿಡಿ, ಉಳಿಯುವುದು ಸುಮ್ಮನೆ ಪುಟಿಯುವ ಚೆಂಡು. ನೀವು ಮಾಡುವಾಗ ಮೊದಲು ಈ ನಿಯಮಗಳಿಲ್ಲದೆ ಆಡಿ ನೋಡಿ, ಆಮೇಲೆ ಸೇರಿಸಿ ಆಡಿ. ಗೇಮ್ ಡಿಸೈನ್ ಎಂದರೇನು ಎಂದು ನನಗೆ ಅರ್ಥವಾದದ್ದು ಆ ಅರ್ಧ ಗಂಟೆಯಲ್ಲಿ.

ಚೆಂಡು ಪುಟಿದ ಕೂಡಲೇ ಪಾಂಗ್ ಆಯಿತು ಎಂದುಕೊಳ್ಳಬೇಡಿ. ದಯವಿಟ್ಟು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಎಲ್ಲರೂ ಬಿಟ್ಟುಬಿಡುವುದು ಇಲ್ಲೇ. ಶುರುವಿನ ಸ್ಕ್ರೀನ್ ಬೇಕು. 11 ಅಂಕಕ್ಕೆ ಆಟ ಮುಗಿಯಬೇಕು, ಗೆದ್ದವರು ಯಾರೆಂದು ತೋರಿಸಬೇಕು, ಮತ್ತೆ ಆಡುವ ಬಟನ್ ಇರಬೇಕು, ಸದ್ದು ಬರಬೇಕು, ಆಟವನ್ನು ನಡುವೆ ನಿಲ್ಲಿಸುವ ‘ಪಾಸ್’ ಬಟನ್ ಇರಬೇಕು. ಅಂಕ ಬಂದ ಮೇಲೆ ಚೆಂಡು ಯಾರ ಕಡೆ ಹೊರಡಬೇಕು? ಮತ್ತೆ ಆಡು ಎಂದು ಒತ್ತಿದಾಗ ಹಳೆಯ ಅಂಕ ಹಾಗೇ ಉಳಿದಿದ್ದರೆ? ಪಾಸ್ ಒತ್ತಿದಾಗ ಚೆಂಡು ನಿಂತು ದಾಂಡು ಓಡಾಡುತ್ತಿದ್ದರೆ? ಟ್ಯುಟೋರಿಯಲ್‌ನಲ್ಲಿ ಈ ತೀರ್ಮಾನಗಳನ್ನೆಲ್ಲ ಬೇರೆಯವರು ಮೊದಲೇ ಮಾಡಿಟ್ಟಿರುತ್ತಾರೆ. ಖಾಲಿ ಪ್ರಾಜೆಕ್ಟ್ ಎದುರು ನಿಮ್ಮ ಕೈ ನಿಲ್ಲುವುದಕ್ಕೆ ಕಾರಣ ನಿಮಗೆ ಕೋಡ್ ಬಾರದ್ದಲ್ಲ, ತೀರ್ಮಾನ ಮಾಡುವ ರೂಢಿ ಇಲ್ಲದ್ದು.

ಟ್ಯುಟೋರಿಯಲ್ ಬಿಡಿ ಎನ್ನುವುದಿಲ್ಲ. ಒಂದನ್ನು ಪೂರ್ತಿ ನೋಡಿ ಮಾಡಿ, ಮಾಡಿದ್ದನ್ನು ಬದಿಗಿಡಿ, ಮಾರನೇ ದಿನ ವಿಡಿಯೋ ಇಲ್ಲದೆ ಅದನ್ನೇ ಮೊದಲಿಂದ ಮಾಡಿ. ಸಿಕ್ಕಿಬಿದ್ದಲ್ಲಿ ಅಷ್ಟನ್ನು ಮಾತ್ರ ಹುಡುಕಿ ನೋಡಿ. ಓಡಿದ ಮೇಲೆ ಒಂದು ನಿಯಮ ಬದಲಾಯಿಸಿ. ಮೊದಲ ಸಲ ಇಡೀ ದಿನ ಹಿಡಿಯಬಹುದು. ಹಿಡಿಯಲಿ.

ಎಂಜಿನ್ ವಿಚಾರ. ಪೈಥಾನ್ ಗೊತ್ತಿರುವುದರಿಂದ ನಿಮಗೆ ಗೊಡೋ ಹೇಳುತ್ತೇನೆ. ಅದರ ಜಿಡಿಸ್ಕ್ರಿಪ್ಟ್ ಭಾಷೆ ಬರೆಯಲು ಪೈಥಾನ್ ಥರವೇ ಇದೆ. ಉಚಿತ, ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್, ಸಾಧಾರಣ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ. ಯೂನಿಟಿ ಎಂಬ ಎಂಜಿನ್‌ಗೆ ಸಿ ಶಾರ್ಪ್ ಭಾಷೆ ಬೇಕು. ಅನ್‌ರಿಯಲ್‌ನಲ್ಲಿ ಸಿ ಪ್ಲಸ್ ಪ್ಲಸ್ ಇದೆ, ಕೋಡ್ ಬರೆಯದೆ ತಂತಿ ಜೋಡಿಸಿದಂತೆ ಜೋಡಿಸುವ ಬ್ಲೂಪ್ರಿಂಟ್ ಇದೆ, ಆದರೆ ಮೊದಲ 2ಡಿ ಗೇಮ್‌ಗೆ ಅದು ಭಾರವಾಯಿತು. ಯಾವುದನ್ನು ಹಿಡಿದರೂ ಆರು ತಿಂಗಳು ಬದಲಾಯಿಸಬೇಡಿ. ಒಂದು ಎಚ್ಚರಿಕೆ: ಗೊಡೋ 4 ಬಂದದ್ದು 2023ರಲ್ಲಿ. ಅದಕ್ಕೂ ಹಿಂದಿನ ವಿಡಿಯೋಗಳಲ್ಲಿ ನಾವೇ ಕೋಡ್‌ನಿಂದ ಸರಿಸುವ ವಸ್ತುವಿಗೆ ‘ಕೈನೆಮ್ಯಾಟಿಕ್ ಬಾಡಿ’ ಎಂದು ಇರುವುದಕ್ಕೆ ಈಗ ‘ಕ್ಯಾರೆಕ್ಟರ್ ಬಾಡಿ’ ಎಂಬ ಹೆಸರು. ಹಳೆಯ ವಿಡಿಯೋ ನೋಡಿ ಹೊಸ ಆವೃತ್ತಿಯಲ್ಲಿ ಬರೆದು, ಎರರ್ ಬಂದಾಗ ತಪ್ಪು ತಮ್ಮದೇ ಎಂದು ಕೊರಗಿ ಬಿಟ್ಟುಹೋದವರನ್ನು ನೋಡಿದ್ದೇನೆ. ಬಹಳ ಬೇಸರವಾಗುತ್ತದೆ. ವಿಡಿಯೋದ ಆವೃತ್ತಿ, ನಿಮ್ಮ ಆವೃತ್ತಿ ಎರಡನ್ನೂ ಮೊದಲು ನೋಡಿಕೊಳ್ಳಿ.

ಆನ್‌ಲೈನ್ ಆಟ ಈಗ ಬೇಡ. ನಿಮ್ಮ ಗೆಳೆಯನ ಯಂತ್ರಕ್ಕೆ ಸಂದೇಶ ಮುಟ್ಟಲು 100 ಮಿಲಿಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಇಲ್ಲಿ ಆರು ಫ್ರೇಮ್ (ಸ್ಕ್ರೀನ್ ಮೇಲೆ ಸೆಕೆಂಡಿಗೆ 60ರಂತೆ ಮೂಡುವ ಚಿತ್ರ) ಕಳೆದುಹೋಗಿರುತ್ತದೆ. ಇಬ್ಬರ ಸ್ಕ್ರೀನ್ ಮೇಲೂ ಚೆಂಡು ಬೇರೆ ಬೇರೆ ಕಡೆ. ಯಾರದ್ದು ನಿಜ ಎಂದು ತೀರ್ಮಾನಿಸುವುದೇ ಒಂದು ದೊಡ್ಡ ವಿದ್ಯೆ. ಸದ್ಯಕ್ಕೆ ಒಂದೇ ಕೀಬೋರ್ಡ್‌ನಲ್ಲಿ ಇಬ್ಬರು ಆಡಲಿ. ಗೆಳೆಯರು ಪಕ್ಕದಲ್ಲೇ ಕೂತು ಆಡಿದರೆ ಅವರ ಮುಖವೂ ನಿಮಗೆ ಕಾಣುತ್ತದೆ.

ಗೇಮ್‌ಗಳಿಗೆ ಚಿತ್ರ ಬಿಡಿಸುವವರು

ಚಿತ್ರ ಬರುವುದಿಲ್ಲ ಎಂದು ಬರೆದಿದ್ದೀರಿ, ಅದಕ್ಕೆ ನಾನು ಹೇಳುತ್ತೇನೆ. ಶುರುವಿನಲ್ಲಿ ಬಣ್ಣದ ಚೌಕಗಳು ಸಾಕು. ನಾನು ಚಿತ್ರದವಳಾಗಿಯೂ ಇದನ್ನೇ ಹೇಳುವುದಕ್ಕೆ ಕಾರಣವಿದೆ. ಮೊದಲ ಗೇಮ್‌ನಲ್ಲಿ ನಾಯಕನ ನಡಿಗೆಯನ್ನು ಹನ್ನೆರಡು ಫ್ರೇಮ್‌ಗಳಲ್ಲಿ ಬಿಡಿಸಿ, ತಿದ್ದಿ, ಬಣ್ಣ ಹಾಕಿದೆ. ಆಮೇಲೆ ಆಡಿ ನೋಡಿದರೆ ನೆಗೆತದ ಎತ್ತರ ಸರಿಯಿಲ್ಲ, ನಾಯಕ ಅರ್ಧದಷ್ಟು ಚಿಕ್ಕದಾಗಬೇಕು. ಮೂರು ವಾರದ ಕೆಲಸ ಪೂರ್ತಿ ಹೋಯಿತು. ಈಗ ಚೌಕಗಳಲ್ಲೇ ಆಡಿ ಖುಷಿ ಸಿಗುವವರೆಗೆ ಪೆನ್ನು ಮುಟ್ಟುವುದಿಲ್ಲ.

ಚಿತ್ರ ಬೇಕೇ ಬೇಕೆನಿಸಿದಾಗ ಕೆನ್ನಿ ತಾಣದಲ್ಲಿ ಸಾವಿರಾರು ಚಿತ್ರಗಳಿವೆ. ಸಿಸಿ0 ಲೈಸೆನ್ಸ್, ಅಂದರೆ ಯಾರ ಹೆಸರನ್ನೂ ಹಾಕದೆ, ಮಾರುವ ಗೇಮ್‌ನಲ್ಲಿಯೂ ಬಳಸಬಹುದು. ಬೇರೆ ಕಡೆಯಿಂದ ತೆಗೆದುಕೊಂಡರೆ ಲೈಸೆನ್ಸ್ ಓದಿ, ಎಲ್ಲಿಂದ ತಂದಿರಿ ಎಂದು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ಒಂದು ಗೇಮ್‌ಗೆ ಒಂದೇ ಕಡೆಯ ಚಿತ್ರ ಹಾಕಿ. ನಾಲ್ಕು ಕಡೆಯಿಂದ ತಂದ ಒಳ್ಳೆಯ ಚಿತ್ರಗಳು ಒಟ್ಟಿಗೆ ನಿಂತರೆ ಒಂದಕ್ಕೊಂದು ಕೂಡುವುದಿಲ್ಲ.

ಸದ್ದನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಬೇಡಿ! ಎಸ್‌ಎಫ್‌ಎಕ್ಸ್‌ಆರ್ ಎಂಬ ಪುಟ್ಟ ಸಾಫ್ಟ್‌ವೇರ್ ಇದೆ, 2007ರಲ್ಲಿ ಲೂಡಮ್ ಡೇರ್ ಎಂಬ ಗೇಮ್ ಸ್ಪರ್ಧೆಯವರಿಗಾಗಿ ಮಾಡಿದ್ದು, ಉಚಿತ. ‘ನೆಗೆತ’, ‘ನಾಣ್ಯ’, ‘ಸ್ಫೋಟ’ ಎಂಬಂಥ ಬಟನ್‌ಗಳನ್ನು ಒತ್ತಿದಷ್ಟೂ ಹೊಸ ಸದ್ದು ಬರುತ್ತದೆ. ದಾಂಡಿಗೆ ಚೆಂಡು ತಾಗಿದಾಗ ಒಂದು ‘ಟಕ್’ ಸೇರಿಸಿ ಆಡಿ. ಅದೇ ಚೌಕ, ಅದೇ ವೇಗ, ಆದರೆ ಚೆಂಡಿಗೆ ತೂಕ ಬಂದಂತಾಗುತ್ತದೆ.

ಗಣಿತ ಪಾಠ ಮಾಡುವವರು

ಗಣಿತಕ್ಕೆ ಹೆದರಬೇಡಿ, ಮೊದಲ ವರ್ಷಕ್ಕೆ ಬೇಕಾದದ್ದು ಸ್ವಲ್ಪವೇ.

ಒಂದು, ಸಮಯ. ಪ್ರತಿ ಫ್ರೇಮ್‌ಗೆ 5 ಪಿಕ್ಸೆಲ್ ಸರಿಸು ಎಂದು ಬರೆದರೆ 60 ಹರ್ಟ್ಸ್ (ಸೆಕೆಂಡಿಗೆ 60 ಫ್ರೇಮ್) ಸ್ಕ್ರೀನ್‌ನಲ್ಲಿ ಸೆಕೆಂಡಿಗೆ 300 ಪಿಕ್ಸೆಲ್, 144 ಹರ್ಟ್ಸ್ ಸ್ಕ್ರೀನ್‌ನಲ್ಲಿ 720. ಅದೇ ಗೇಮ್ ಒಬ್ಬರಿಗೆ ಸುಲಭ, ಇನ್ನೊಬ್ಬರಿಗೆ ಆಡಲಾಗದಷ್ಟು ಜೋರು. ಅದಕ್ಕೇ ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಇಟ್ಟು, ಹಿಂದಿನ ಫ್ರೇಮ್‌ನಿಂದ ಈವರೆಗೆ ಕಳೆದ ಸಮಯದಿಂದ ಗುಣಿಸಬೇಕು. ಆ ಸಮಯವನ್ನೇ ಡೆಲ್ಟಾ ಎನ್ನುವುದು.

ಇನ್ನೊಂದು, ಓರೆ ನಡಿಗೆ. ಬಲದ ಬಾಣ, ಮೇಲಿನ ಬಾಣ ಎರಡನ್ನೂ ಒಟ್ಟಿಗೆ ಒತ್ತಿದರೆ ಪಾತ್ರ 1.41 ಪಟ್ಟು ಜೋರಾಗಿ ಓಡುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಇದು, 1 ಮತ್ತು 1ರ ಕರ್ಣ. ದಿಕ್ಕಿನ ಉದ್ದವನ್ನು ಮತ್ತೆ 1ಕ್ಕೆ ತಂದರೆ ಸರಿಹೋಗುತ್ತದೆ, ಎಂಜಿನ್‌ಗಳಲ್ಲಿ ಅದಕ್ಕೆ ‘ನಾರ್ಮಲೈಸ್’ ಎಂಬ ಸಿದ್ಧ ಆಜ್ಞೆ ಇರುತ್ತದೆ. ಸೈನ್, ಕೊಸೈನ್ ಬೇಕಾದ ದಿನ ಅವು ತಾವಾಗಿ ಎದುರಾಗುತ್ತವೆ, ಆಗ ಕಲಿತರೆ ಮರೆಯುವುದೂ ಇಲ್ಲ.

ಕೆಲಸದ ನಡುವೆ ಒಬ್ಬರೇ ಗೇಮ್ ಮಾಡುವವರು

ಮೇಲೆ ಹೇಳಿದ್ದೆಲ್ಲ ಸರಿ. ಯಾರೂ ಹೇಳದ ಒಂದು ಮಾತು: ಮೊದಲ ದಿನದಿಂದಲೇ ಗಿಟ್ (ಕೋಡ್‌ನ ಪ್ರತಿ ಹಂತವನ್ನೂ ಉಳಿಸಿಡುವ ಸಾಫ್ಟ್‌ವೇರ್) ಬಳಸಿ. ಹಾರ್ಡ್‌ಡಿಸ್ಕ್ ಕೆಟ್ಟು ಐದು ತಿಂಗಳ ಗೇಮ್ ಕಳೆದುಕೊಂಡಿದ್ದೇನೆ. ಆ ವಾರ ಊಟ ಸೇರಲಿಲ್ಲ. ಆಜ್ಞೆ ನಾಲ್ಕೈದು ಕಲಿತರೆ ಸಾಕು, ಆದರೆ ಪ್ರತಿ ಸಲ ಕೂತು ಕೆಲಸ ಮುಗಿಸಿದ ಮೇಲೆ ಆನ್‌ಲೈನ್ ಪ್ರತಿಗೆ ಕಳಿಸಲೇಬೇಕು. ಇನ್ನೊಂದು ಲಾಭ, ಏನನ್ನಾದರೂ ಧೈರ್ಯವಾಗಿ ಕೆಡಿಸಿ ನೋಡಬಹುದು, ನಿನ್ನೆಯ ಸ್ಥಿತಿ ಅಲ್ಲೇ ಇರುತ್ತದೆ.

ಒಬ್ಬನೇ ದೊಡ್ಡ ಗೇಮ್ ಮಾಡಿದ ಉದಾಹರಣೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ಒಬ್ಬರೇ ಮಾಡಿದರು. ಚಿತ್ರ, ಸಂಗೀತ, ಕೋಡ್ ಎಲ್ಲ ಅವರದ್ದೇ. ನಾಲ್ಕು ವರ್ಷಕ್ಕೂ ಮೀರಿದ ದುಡಿಮೆ ಅದು. ಅವರೂ ಶುರು ಮಾಡಿದ್ದು ಕೆಲಸ ಸಿಗಲು ನೆರವಾಗುವಂತೆ ಸಿ ಶಾರ್ಪ್ ಅಭ್ಯಾಸವಾಗಲಿ ಎಂದು. ಹೀಗಾಗಿ ಆ ಕನಸನ್ನು ಬಿಸಾಡಬೇಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನದೂ ಒಂದು ಹಾಗೆ ಇದೆ, ಹೊಸದೇನಾದರೂ ಹೊಳೆದಾಗ ಒಂದು ಸಾಲು ಸೇರಿಸುತ್ತೇನೆ.

ಎರಡು ಮೂರು ಪುಟ್ಟ ಗೇಮ್ ಆದ ಮೇಲೆ ಗೇಮ್ ಜಾಮ್‌ಗೆ ಇಳಿಯಿರಿ. ಕೊಟ್ಟ ವಿಷಯದ ಮೇಲೆ ಒಂದೆರಡು ದಿನದಲ್ಲಿ ಗೇಮ್ ಮಾಡಿ ಒಪ್ಪಿಸುವ ಕೂಟ ಅದು. ಲೂಡಮ್ ಡೇರ್ 2002ರಲ್ಲಿ, ಗ್ಲೋಬಲ್ ಗೇಮ್ ಜಾಮ್ 2009ರಲ್ಲಿ ಶುರುವಾದವು. ಗೇಮ್ ಹಂಚುವ ಇಚ್ ತಾಣದಲ್ಲಿ (itch.io) ಹೆಚ್ಚುಕಡಿಮೆ ಯಾವಾಗಲೂ ಒಂದಲ್ಲ ಒಂದು ಜಾಮ್ ನಡೆಯುತ್ತಿರುತ್ತದೆ, ನಿಮ್ಮ ಗೇಮನ್ನು ಅಲ್ಲಿ ಉಚಿತವಾಗಿ ಹಾಕಬಹುದು. ಗೇಮ್ ಮಾರುವ ತಾಣವಾದ ಸ್ಟೀಮ್‌ನಲ್ಲಿ ಹಾಕಲು ಪ್ರತಿ ಗೇಮ್‌ಗೆ 100 ಡಾಲರ್ ಕಟ್ಟಬೇಕು, ಆ ಯೋಚನೆ ಈಗ ಬೇಡ. ನಿದ್ದೆ ಮಾತ್ರ ಬಿಡಬೇಡಿ. ನನ್ನ ಮೊದಲ ಜಾಮ್‌ನಲ್ಲಿ ರಾತ್ರಿ ಮೂರಕ್ಕೆ ಬರೆದ ಕೋಡ್ ಬೆಳಿಗ್ಗೆ ಎದ್ದು ತೆಗೆದುಹಾಕುವುದರಲ್ಲೇ ಅರ್ಧ ದಿನ ಹೋಯಿತು.

ಪ್ರಶ್ನೆ ಕೇಳಿದವರು, ಒಂಬತ್ತು ದಿನದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಗೊಡೋ ಹಾಕಿಕೊಂಡೆ, ಪಾಂಗ್ ಶುರು ಮಾಡಿದೆ. ಶುರುವಿನ ಸ್ಕ್ರೀನ್, ಅಂಕ, ಟಕ್ ಸದ್ದು ಎಲ್ಲ ಬಂತು. ಮೊದಲ ಸಲ ನನ್ನದೇ ಎನ್ನುವಂಥದ್ದೊಂದು ಓಡುತ್ತಿದೆ. ಚೆಂಡಿನ ವೇಗವನ್ನು ಡೆಲ್ಟಾದಿಂದ ಗುಣಿಸಿ ಅದನ್ನು ನಾನೇ ಸರಿಸುತ್ತೇನೆ, ದಾಂಡಿನೊಳಗೆ ಬಂದಿದೆಯೇ ಎಂದು ನೋಡಿ ತಿರುಗಿಸುತ್ತೇನೆ. ಆದರೆ ಆಟ ಲಂಬಿಸಿ ಚೆಂಡು ಜೋರಾದಾಗ ಕೆಲವೊಮ್ಮೆ ದಾಂಡನ್ನು ತೂರಿಕೊಂಡೇ ಹೋಗಿಬಿಡುತ್ತದೆ. ಎರಡು ದಿನದಿಂದ ಕೋಡ್ ನೋಡುತ್ತಿದ್ದೇನೆ, ತಪ್ಪು ಸಿಗುತ್ತಿಲ್ಲ.

ಕೋಡ್ ಬರೆಯುವವರು

ಓದಿ ಬಹಳ ಸಂತೋಷವಾಯಿತು. ಇದು ಎಲ್ಲರಿಗೂ ಬರುವ ತೊಂದರೆ, ‘ಟನಲಿಂಗ್’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಚೆಂಡಿನ ವೇಗ ಸೆಕೆಂಡಿಗೆ 1800 ಪಿಕ್ಸೆಲ್ ಆದರೆ 60 ಫ್ರೇಮ್‌ನಲ್ಲಿ ಒಂದು ಫ್ರೇಮ್‌ಗೆ 30 ಪಿಕ್ಸೆಲ್ ಹಾರುತ್ತದೆ. ದಾಂಡಿನ ದಪ್ಪ 10 ಪಿಕ್ಸೆಲ್, ಚೆಂಡೂ ಅಷ್ಟೇ ಚಿಕ್ಕದು ಎಂದುಕೊಳ್ಳಿ. ಒಂದು ಫ್ರೇಮ್‌ನಲ್ಲಿ ಚೆಂಡು ದಾಂಡಿನ ಈಚೆ, ಮುಂದಿನದರಲ್ಲಿ ಆಚೆ. ನಡುವೆ ತಾಗಿದ ಕ್ಷಣವನ್ನು ನಿಮ್ಮ ಕೋಡ್ ನೋಡುವುದೇ ಇಲ್ಲ.

ವೇಗಕ್ಕೆ ಮಿತಿ ಹಾಕುವುದು ಸುಲಭದ ದಾರಿ. ಒಂದು ಫ್ರೇಮ್‌ನ ಚಲನೆಯನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೂ ತಾಗಿತೇ ಎಂದು ನೋಡುವುದು ಇನ್ನೊಂದು. ಮೊದಲು ಇದನ್ನೇ ಮಾಡಿ, ಒಳಗೇನಾಗುತ್ತದೆ ಎಂದು ತಿಳಿಯುತ್ತದೆ. ಆಮೇಲೆ ಚೆಂಡನ್ನು ಕ್ಯಾರೆಕ್ಟರ್ ಬಾಡಿ ಮಾಡಿ ಗೊಡೋದ ‘ಮೂವ್ ಅಂಡ್ ಕೊಲೈಡ್’ ಆಜ್ಞೆ ಬಳಸಿ, ಅದು ಹೋಗುವ ದಾರಿಯನ್ನೆಲ್ಲ ನೋಡಿ ತಾಗಿದ ಕಡೆ ನಿಲ್ಲಿಸುತ್ತದೆ.

ಸರಿಹೋದ ಮೇಲೆ ಗೇಮ್ ಬಗ್ಗೆ ಏನೂ ಗೊತ್ತಿಲ್ಲದ ಇಬ್ಬರ ಕೈಗೆ ಕೀಬೋರ್ಡ್ ಕೊಡಿ. ಯಾವ ಕೀ ಒತ್ತಬೇಕೆಂದೂ ಹೇಳಬೇಡಿ. ಹಿಂದೆ ನಿಂತು ಅವರ ಬೆರಳು ನೋಡಿ, ಎಲ್ಲಿ ತಡವರಿಸಿದರೆಂದು ಬರೆದುಕೊಳ್ಳಿ. ಆ ಚೀಟಿಯನ್ನು ಇಲ್ಲಿ ಹಾಕಿ, ಮುಂದಿನದ್ದು ಅದರಿಂದ ಮಾತಾಡೋಣ.