ಮನೆಯ ಪುಟ್ಟ ರೈಲಿಗೆ ನಂದಿ ಬೆಟ್ಟ ಮಾಡಲು ಹೋದೆ, ಹುಟ್ಟುಹಬ್ಬದ ಕೇಕ್ ಆಯ್ತು

ನಂದಿಹಾಲ್ಟ್87, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ರೈಲು ಓಡಿಸೋದು ಗೊತ್ತಾಯ್ತು, ಅದರ ಸುತ್ತ ಊರು ಕಟ್ಟೋದು ಗೊತ್ತಾಗ್ತಿಲ್ಲ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಮಹಡಿ ಮೇಲಿನ ಸಣ್ಣ ಕೋಣೆಯಲ್ಲಿ, ಮೊದಲು ರಾಗಿ ಮೂಟೆ ಇಡುತ್ತಿದ್ದ ಜಾಗದಲ್ಲಿ, 6 ಅಡಿಗೆ 4 ಅಡಿಯ ಪ್ಲೈವುಡ್ ಹಾಕಿಸಿದ್ದೇನೆ. ರೈಲು ಎಚ್‌ಒ ಅಳತೆಯದು, ಅಂದರೆ 1:87, ನಿಜವಾದ ರೈಲಿನ 87ನೇ ಒಂದು ಭಾಗ. ಒಂದು ಸುತ್ತು, ಒಂದು ಲೂಪ್ ಲೈನ್, ಅಷ್ಟೇ. ಸ್ಟೇಷನ್ ಮಾತ್ರ ನಂದಿ ಬೆಟ್ಟದ ಹತ್ತಿರದ ಹಳೇ ನಂದಿ ಹಾಲ್ಟ್ ಆಗಬೇಕು ಅಂತ ಮೊದಲಿನಿಂದಲೂ ಆಸೆ. ಚಿಕ್ಕವನಿದ್ದಾಗ ತಾತನ ಜೊತೆ ಆ ಹೆಂಚಿನ ಮಾಡಿನ ನೆರಳಲ್ಲಿ ಕೂತು ಚಿಕ್ಕ ರೈಲಿಗೆ ಕಾಯುತ್ತಿದ್ದೆ. ರೈಲು ಬರುವ ಮೊದಲೇ ಕಡ್ಲೆಕಾಯಿ ಖಾಲಿಯಾಗುತ್ತಿತ್ತು.

ಕಟ್ಟಡ ಒಂದು ಮಟ್ಟಕ್ಕೆ ಬಂತು. ಗೋಡೆಗೆ ಮದುವೆ ಸೀರೆ ಡಬ್ಬದ ರಟ್ಟು. ಹೆಂಚಿಗೆ ಬಲ್ಬಿನ ಡಬ್ಬದ ಸುಕ್ಕು ರಟ್ಟು, ಮೇಲಿನ ಕಾಗದ ಸುಲಿದು ಇಟ್ಟಿಗೆ ಬಣ್ಣ ಬಳಿದೆ. ಕೆಟ್ಟಿದ್ದು ಬೆಟ್ಟ. ಫ್ರಿಜ್ ಜೊತೆ ಬಂದಿದ್ದ ಥರ್ಮಾಕೋಲನ್ನು ತರಕಾರಿ ಚಾಕುವಿನಲ್ಲಿ ಕೊಯ್ದೆ. ಬಿಳಿ ಕಾಳು ಮನೆಯೆಲ್ಲಾ ಹಾರಿ ಸಾರಿನ ಪಾತ್ರೆಯಲ್ಲೂ ಸಿಕ್ಕಿತು. ಮನೆಯವರು ಎರಡು ದಿನ ಮಾತಾಡಲಿಲ್ಲ. ಆಮೇಲೆ ಪದರಗಳನ್ನು ಅಂಟಿಸಲು ಚಪ್ಪಲಿ ಅಂಟಿಸುವ ಹಳದಿ ಅಂಟು ಹಾಕಿದೆ. ಅರ್ಧ ಬೆಟ್ಟ ಕಣ್ಣೆದುರೇ ಕರಗಿ ಗುಳಿ ಬಿತ್ತು. ಅದನ್ನು ಪೇಪರು, ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಮುಚ್ಚಿ, ವಿಡಿಯೋಗಳಲ್ಲಿ ನೋಡಿದ ಹಾಗೆ ಹಸಿರು ಬಳಿದು ಹಲಗೆ ನಡುವೆ ಕೂರಿಸಿದೆ. ಮಗಳು, 9 ವರ್ಷ, ಬಂದು ಸುತ್ತ ಒಂದು ರೌಂಡ್ ಹಾಕಿ ಕೇಳಿದಳು: "ಅಪ್ಪಾ, ಕ್ಯಾಂಡಲ್ ಎಲ್ಲಿ ಇಡೋದು?"

ಹಳಿಯ ಜಲ್ಲಿಗೆ ಬನ್ಸಿ ರವೆ ಹಾಕಿದ್ದೆ. ನೋಡೋಕೆ ಚೆನ್ನಾಗೇ ಇತ್ತು. ನಾಲ್ಕನೇ ದಿನ ಇರುವೆ ಗೂಡ್ಸ್ ಗಾಡಿ ಹೊರಟಿತು, ಇಂಜಿನ್ ಇಲ್ಲದೇನೇ. ರವೆ ತೆಗೆದು ಮರಳು ಹಾಕಿ ಫೆವಿಕಾಲ್ ನೀರು ಸುರಿದರೆ ಮರಳೆಲ್ಲಾ ತೇಲಿ ಹಳಿ ಮಧ್ಯೆ ಹೊಂಡ ಬಿತ್ತು.

ಬೆಟ್ಟ ಬೆಟ್ಟದ ಹಾಗೆ ಕಾಣೋಕೆ ಏನು ಮಾಡಲಿ? ಜಲ್ಲಿ ಕೂರಿಸೋದು ಹೇಗೆ? ಸ್ಟೇಷನ್ ಪಕ್ಕ ಒಂದು ರಾಗಿ ಹೊಲ, ಒಂದು ದ್ರಾಕ್ಷಿ ತೋಟ ಬೇಕು. ದುಡ್ಡು ಜಾಸ್ತಿ ಖರ್ಚಾಗಬಾರದು. ಹೊರದೇಶದ ಹುಲ್ಲಿನ ಪ್ಯಾಕೆಟ್ಟಿನ ಬೆಲೆ ನೋಡಿ ಆ ಪುಟ ಹಾಗೇ ಮುಚ್ಚಿದೆ.

ಬಂಡೆಗಲ್ಲು, ಕೋಲಾರ

ಸಾರ್, ಮೊದಲು ಲೆಕ್ಕ. ನಂದಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1478 ಮೀಟರ್. ನಿಮ್ಮ ಊರು ಹತ್ತಿರ ಹತ್ತಿರ 900 ಮೀಟರಿನಲ್ಲಿದೆ. ಅಂದರೆ ಸ್ಟೇಷನ್ನಿನಿಂದ ಕಾಣುವ ಬೆಟ್ಟ 550 ಮೀಟರಿಗೂ ಎತ್ತರ. 87ರಿಂದ ಭಾಗಿಸಿ, 6 ಮೀಟರ್ ದಾಟುತ್ತದೆ. ಮನೆಯ ತಾರಸಿ ಒಡೆದು ಮೇಲಕ್ಕೆ ಹೋಗಬೇಕು. ನೀವು ಒಂದೂವರೆ ಅಡಿಯಲ್ಲಿ ಇಡೀ ಬೆಟ್ಟ ಮಾಡಿ, ಸುತ್ತಲೂ ಕಾಣುವ ಹಾಗೆ ನಡುವೆ ಇಟ್ಟಿದ್ದೀರಿ. ಮಗು ಹೇಳಿದ್ದೇ ಸರಿ.

ಬೆಟ್ಟ ಹಲಗೆಯ ಹಿಂದಿನ ಅಂಚಿಗೆ ಒರಗಿರಬೇಕು. ನಿಮ್ಮದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ, ಅರ್ಧ ಮಾತ್ರ ಗೋಡೆಗೆ ಅಂಟಿಸಿ. ಅದರ ಹಿಂದೆ ರಟ್ಟಿನ ಮೇಲೆ ದೂರದ ಬೆಟ್ಟಗಳನ್ನು ತೆಳು ನೀಲಿ ಬೂದಿ ಬಣ್ಣದಲ್ಲಿ ಬರೆಯಿರಿ. ದೂರ ಹೋದಷ್ಟೂ ಬಣ್ಣ ಮಂಕಾಗಲಿ. ಮುಂದುಗಡೆ, ಹಳಿ ಹತ್ತಿರ, ನಾಲ್ಕೈದು ಗುಂಡುಕಲ್ಲುಗಳನ್ನು ಮಾತ್ರ ಸರಿಯಾದ ಅಳತೆಗೆ ಮಾಡಿ. ಮನುಷ್ಯ ಗೊಂಬೆ 2 ಸೆಂಟಿಮೀಟರ್ ಇದ್ದರೆ ಪಕ್ಕದ ಗುಂಡು 4 ಸೆಂಟಿಮೀಟರ್ ಇರಬಹುದು. ಕಣ್ಣು ಮುಂದಿನ ಗುಂಡನ್ನು ನಂಬಿದರೆ ಹಿಂದಿನ ಬೆಟ್ಟವನ್ನೂ ನಂಬುತ್ತದೆ.

ಆ ಹಸಿರನ್ನು ಮಾತ್ರ ದಯವಿಟ್ಟು ಮರೆತುಬಿಡಿ. ಒಂದು ದಿನ ಬೆಳಿಗ್ಗೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಂಡೆ ನೋಡಿ. ನಮ್ಮ ಕಡೆಯ ಕಲ್ಲು ಬೂದಿ ಬಣ್ಣ. ಮಳೆ ನೀರು ಇಳಿಯುವ ಜಾಗದಲ್ಲಿ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ. ಅಲ್ಲಲ್ಲಿ ಕಲ್ಲುಹೂವಿನ ಬಿಳಿ ಮಚ್ಚೆ. ಹಸಿರು ಇರೋದು ಸಂದಿಗಳಲ್ಲಿ, ಮಣ್ಣು ನಿಂತ ಕಡೆ ಮಾತ್ರ. ಆಕಾರ ಕೂಡ ನೋಡಿ. ಗ್ರಾನೈಟು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚುತ್ತದೆ. ಅದಕ್ಕೇ ನಮ್ಮ ಗುಂಡುಗಳು ದುಂಡಗೆ. ವಿಡಿಯೋದವರು ಕೆತ್ತುವ ಚೂಪು ಚೂಪು ಬಂಡೆ ಇಲ್ಲಿ ಹೊಂದೋದಿಲ್ಲ. ಪ್ಲಾಸ್ಟರ್ ಅರ್ಧ ಗಟ್ಟಿಯಾದಾಗ, ಉಗುರು ಒತ್ತಿದರೆ ಗುರುತು ಬೀಳುವ ಹೊತ್ತಿಗೆ, ಒದ್ದೆ ಸ್ಪಂಜಿನಿಂದ ಉಜ್ಜಿ ಅಂಚು ಕಳೆಯಿರಿ. ಆಮೇಲೆ ಒಂದೆರಡು ಕಡೆ ಚಾಕುವಿನ ತುದಿಯಲ್ಲಿ ಉದ್ದ ಸೀಳು ಹಾಕಿ ಸಾಕು.

ಬಣ್ಣ ಹಚ್ಚುವಾಗ ಮೊದಲ ಪದರ ಬೂದಿ. ಒಣಗಿದ ಮೇಲೆ ಕಪ್ಪು ಬಣ್ಣವನ್ನು ಮಜ್ಜಿಗೆ ನೀರಿಗಿಂತ ತೆಳ್ಳಗೆ ಕಲಸಿ, ನೆತ್ತಿಯಿಂದ ಹನಿ ಹನಿಯಾಗಿ ಬಿಡಿ. ನೀವು ಪಟ್ಟೆ ಎಳೆಯೋಕೆ ಹೋಗಬೇಡಿ, ಅದೇ ದಾರಿ ಹುಡುಕಿಕೊಂಡು ಇಳಿಯುತ್ತದೆ. ಕೊನೆಗೆ ಹೆಚ್ಚು ಕಡಿಮೆ ಒಣಗಿದ ಬ್ರಷ್ಷಿನಲ್ಲಿ ಬಿಳಿ ಬೂದಿಯನ್ನು ಉಬ್ಬುಗಳ ಮೇಲೆ ಸವರಿ.

ಥರ್ಮಾಕೋಲಿಗೆ ಯಾವತ್ತೂ ಬಿಳಿ ಫೆವಿಕಾಲೇ. ಹಳದಿ ಅಂಟು, ಸ್ಪ್ರೇ ಪೇಂಟು ಎರಡೂ ಅದನ್ನು ತಿನ್ನುತ್ತವೆ. ನನ್ನದೂ ಒಂದು ಸೇತುವೆ ಹಾಗೇ ಹೋಗಿದೆ.

ರಾಗಿಮುದ್ದೆ ಎಕ್ಸ್‌ಪ್ರೆಸ್, ತುಮಕೂರು

ಇರುವೆ ಗೂಡ್ಸ್ ಓದಿ ನಕ್ಕು ಸಾಕಾಯ್ತು 😄 ತಿನ್ನೋ ಪದಾರ್ಥ ಯಾವುದೂ ಬೇಡ ಗುರು. ಇರುವೆ ಹೋದರೆ ಇಲಿ ಬರುತ್ತೆ.

ಜಲ್ಲಿಗೆ ಎಂ-ಸ್ಯಾಂಡ್ ತಗೊಳ್ಳಿ. ಮನೆ ಕಟ್ಟುವ ಯಾರನ್ನಾದರೂ ಕೇಳಿ, ಒಂದು ಡಬ್ಬಿ ಸುಮ್ನೆ ಕೊಡುತ್ತಾರೆ. ಅದೂ ಜಲ್ಲಿಯ ಹಾಗೇ ಒಡೆದ ಕಲ್ಲೇ, ಹೊಳೆ ಮರಳಿನ ಹಾಗೆ ನುಣುಪಲ್ಲ. ನಿಜವಾದ ರೈಲ್ವೆ ಜಲ್ಲಿ ದೊಡ್ಡದೆಂದರೆ 65 ಮಿಲಿಮೀಟರ್. 87ರಿಂದ ಭಾಗಿಸಿದರೆ ಮುಕ್ಕಾಲು ಮಿಲಿಮೀಟರ್. ಟೀ ಸೋಸುವ ಜಾಲರಿಯಲ್ಲಿ ಇಳಿದು ಮೈದಾ ಜರಡಿಯಲ್ಲಿ ನಿಲ್ಲುವುದನ್ನು ಇಟ್ಟುಕೊಳ್ಳಿ. ತೊಳೆದು ಬಿಸಿಲಲ್ಲಿ ಒಣಗಿಸಿ. ಆಮೇಲೆ ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮರಳಿನೊಳಗೆ ಎರಡು ಮೂರು ಸಲ ಆಡಿಸಿ. ಕಪ್ಪು ಪುಡಿ ಎಷ್ಟು ಅಂಟುತ್ತೆ ನೋಡಿ! ಅದನ್ನು ಬಿಟ್ಟರೆ ಇಂಜಿನ್ ಮೋಟಾರಿನ ಆಯಸ್ಕಾಂತ ಎಳೆದುಕೊಂಡು ಗೇರು ಕಚ್ಚುತ್ತೆ.

ಹೊಂಡ ಬಿದ್ದದ್ದು ಯಾಕೆ ಅಂದರೆ ನೀವು ಒಣ ಮರಳಿಗೆ ನೇರ ಅಂಟು ಹಾಕಿದ್ದೀರಿ. ಹನಿ ಗುಂಡಗೆ ನಿಂತು ಮರಳನ್ನು ತಳ್ಳುತ್ತೆ. ಮೊದಲು ಬ್ರಷ್ಷಿನಲ್ಲಿ ಮರಳನ್ನು ಸ್ಲೀಪರಿನ, ಅಂದರೆ ಹಳಿ ಕೆಳಗಿನ ಅಡ್ಡಪಟ್ಟಿಯ, ಮಟ್ಟಕ್ಕೆ ಗುಡಿಸಿ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಮೇಲಿನಿಂದ ಮಂಜಿನ ಹಾಗೆ ಸ್ಪ್ರೇ ಮಾಡಿ ಪೂರ್ತಿ ನೆನೆಸಿ. ಆಮೇಲೆ ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು. ಮಕ್ಕಳ ಔಷಧಿಯ ಡ್ರಾಪರ್ ಸಾಕು. ಸೊಯ್ಯಂತ ಇಳಿಯುತ್ತೆ. ಒಂದು ರಾತ್ರಿ ಮುಟ್ಟಬೇಡಿ. ಬೆಳಿಗ್ಗೆ ಹಳಿಯ ನೆತ್ತಿ ಒರೆಸಿ, ಇಲ್ಲದಿದ್ದರೆ ಕರೆಂಟು ಹರಿಯೋದಿಲ್ಲ.

ರೈಲು ಹಳಿ ಬದಲಿಸುವ ಪಾಯಿಂಟ್ ಹತ್ತಿರ ಮಾತ್ರ ಅಂಟು ಬೇಡವೇ ಬೇಡ. ನನ್ನ ಮೊದಲ ಲೇಔಟಿನಲ್ಲಿ ಪಾಯಿಂಟ್ ಕಲ್ಲಾಗಿ ಕೂತು, ಎಲ್ಲ ರೈಲೂ ಗೂಡ್ಸ್ ಶೆಡ್ಡಿಗೇ ಹೋಗುತ್ತಿದ್ದವು.

ಗೇಜ್ ಗಣಪ

ಒಂದು ಅನುಮಾನ. ನೀವು ನೆನಪು ಮಾಡಿಕೊಂಡಿರೋದು ನ್ಯಾರೋ ಗೇಜ್ ಕಾಲ. ಆ ಹಳಿಯ ಅಗಲ 762 ಮಿಲಿಮೀಟರ್. 1:87ರಲ್ಲಿ ಅದು 9 ಮಿಲಿಮೀಟರಿಗೂ ಕಡಿಮೆ. ನಿಮ್ಮ ಹಳಿ 16.5 ಮಿಲಿಮೀಟರ್. ಬ್ರಾಡ್ ಗೇಜ್ ಅಂದುಕೊಂಡರೂ 1676 ಮಿಲಿಮೀಟರಿಗೆ 19 ಮೇಲೆ ಬೇಕು. ಅದೂ ಅಲ್ಲ, ಇದೂ ಅಲ್ಲ. ಇನ್ನೂ ಚಿಕ್ಕ ರೈಲುಗಳ ಎನ್ ಅಳತೆಯ 9 ಮಿಲಿಮೀಟರ್ ಹಳಿ ತಂದು ಮೊದಲಿಂದ ಶುರು ಮಾಡಿದರೆ ಸರಿಹೋಗುತ್ತೆ.

ನಂದಿಹಾಲ್ಟ್87

ಗಣಪಣ್ಣ, ಲೆಕ್ಕ ಸರಿ. ಆದರೆ ಮೊದಲಿಂದ ಶುರು ಮಾಡಿದರೆ ಮನೆಯವರು ಎರಡು ದಿನ ಅಲ್ಲ, ಎರಡು ವರ್ಷ ಮಾತಾಡೋದಿಲ್ಲ. ಹಳಿ ಹಾಗೇ ಇರಲಿ.

ಬಂಡೆಗಲ್ಲು ಸಾರ್, ನಿನ್ನೆ ಬೆಳಿಗ್ಗೆ ಹೋಗಿ ನೋಡಿದೆ. ನಲವತ್ತು ವರ್ಷದಿಂದ ನೋಡ್ತಿರೋ ಬೆಟ್ಟ, ಕಪ್ಪು ಪಟ್ಟೆ ಇದೆ ಅಂತ ನಿನ್ನೆ ಗೊತ್ತಾಯ್ತು.

ಗೊಂಬೆಮನೆ, ತಿಪಟೂರು

ನನಗೆ ರೈಲು ಗೊತ್ತಿಲ್ಲ. ಆದರೆ ಪ್ರತಿ ದಸರೆಗೆ ಗೊಂಬೆ ಕೂರಿಸಿ, ಕೆಳಗಿನ ಮೆಟ್ಟಿಲಲ್ಲಿ ಊರು ಮಾಡುತ್ತೇನೆ. ಹೊಲ, ಕೆರೆ, ಸಂತೆ ಎಲ್ಲಾ. ಹೊಲಕ್ಕೆ ತಟ್ಟೆಯಲ್ಲಿ ನಿಜವಾದ ರಾಗಿಯನ್ನೇ ಚೆಲ್ಲಿ ಮೊಳಕೆ ಬರಿಸುತ್ತೇವೆ. ನಿಮಗೆ ಅದು ಬೇಡ, ವಾರ ಕಳೆದರೆ ಬಾಡುತ್ತದೆ, ನೀರಿಗೆ ಪ್ಲೈವುಡ್ ಉಬ್ಬುತ್ತದೆ.

ರಾಗಿಗೆ ಗೋಣಿದಾರ ಬಿಚ್ಚಿ. ಹಸಿರಿನಲ್ಲಿ ಅದ್ದಿ ಒಣಗಿಸಿ, ಒಂದು ಸೆಂಟಿಮೀಟರಿಗೆ ಕತ್ತರಿಸಿ. ನೆಲಕ್ಕೆ ನಿಮ್ಮ ಹೊಲದ ಕೆಮ್ಮಣ್ಣನ್ನೇ ಹಳೇ ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಹುರಿದರೆ ಹುಳದ ಮೊಟ್ಟೆ, ಕಳೆ ಬೀಜ ಎಲ್ಲಾ ಸಾಯುತ್ತದೆ. ಅಂಟು ಬಿದ್ದರೆ ಮಣ್ಣಿನ ಬಣ್ಣ ಗಾಢವಾಗುತ್ತದೆ, ಮೊದಲು ರಟ್ಟಿನ ತುಂಡಿನ ಮೇಲೆ ನೋಡಿಕೊಳ್ಳಿ. ಹಸಿ ಅಂಟು ಮಣ್ಣಿನಲ್ಲಿ ಬಾಚಣಿಗೆ ಎಳೆದರೆ ಸಾಲು ಬರುತ್ತದೆ. ಆ ಸಾಲಿಗೆ ನಾರಿನ ಚಿಕ್ಕ ಚಿಕ್ಕ ಕಟ್ಟುಗಳನ್ನು ಚಿಮಟದಿಂದ ನೆಡಿ. ಐದಾರು ಸಾಲಿಗೊಂದು ಅಕ್ಕಡಿ ಸಾಲು ಮರೆಯಬೇಡಿ. ಅವರೆಯೋ ತೊಗರಿಯೋ, ಸ್ವಲ್ಪ ಎತ್ತರ, ಸ್ವಲ್ಪ ಕಪ್ಪು ಹಸಿರು. ಅಕ್ಕಡಿ ಇಲ್ಲದ ರಾಗಿ ಹೊಲ ನೋಡಿದರೆ ನಮ್ಮ ಅತ್ತೆ ಬೈಯುತ್ತಾರೆ, ಗೊಂಬೆಯದಾದರೂ.

ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ಬೇಕಲ್ವಾ? ಐಸ್‌ಕ್ರೀಮ್ ಕಡ್ಡಿಯನ್ನು ಸಣ್ಣಗೆ ಸೀಳಿ, ಎರಡೂಕಾಲು ಸೆಂಟಿಮೀಟರಿಗೆ ಕತ್ತರಿಸಿ ಬೂದಿ ಬಣ್ಣ ಕೊಡಿ. ತಂತಿಗೆ ಸುಟ್ಟ ಫ್ಯಾನಿನ ತಾಮ್ರದ ತಂತಿ. ಎಲೆಗೆ ಸ್ಪಂಜನ್ನು ಹಸಿರಿನಲ್ಲಿ ಅದ್ದಿ ಒಣಗಿಸಿ ಪುಡಿ ಮಾಡಿ. ಅಡುಗೆಮನೆ ಮಿಕ್ಸಿಯಲ್ಲಿ ಬೇಡ! ಕತ್ತರಿಯಲ್ಲೇ ಚೂರು ಮಾಡಿ. ನಿಮ್ಮ ಕಥೆ ನೋಡಿದರೆ ಹೇಳಲೇಬೇಕು ಅನ್ನಿಸಿತು. ಮರಗಳಿಗೆ ಒಣಗಿದ ತುಳಸಿ ಕಡ್ಡಿಯ ಕವಲು ತುಂಬಾ ಚೆನ್ನಾಗಿರುತ್ತದೆ. ತುಳಸಿಯಲ್ವಾ, ಕಾಲು ತಾಗದ ಎತ್ತರದಲ್ಲಿ ಹಲಗೆ ಇದೆ ಅಂತ ದೊಡ್ಡವರಿಗೆ ಮೊದಲೇ ಹೇಳಿಬಿಡಿ.

ನಂದಿಹಾಲ್ಟ್87 (ಮೂರು ವಾರದ ನಂತರ)

ಜಲ್ಲಿ ಕೂತಿದೆ. ಆಯಸ್ಕಾಂತಕ್ಕೆ ಅಂಟಿದ ಕಪ್ಪು ಪುಡಿಯನ್ನು ಮಗಳು ಬೆಂಕಿಪೊಟ್ಟಣದಲ್ಲಿ ತುಂಬಿ ಸ್ಕೂಲಿಗೆ ಒಯ್ದಿದ್ದಾಳೆ. ಬೆಟ್ಟ ಸೀಳಿದೆ, ಈ ಸಲ ತಾರಸಿ ಮೇಲೆ ಕೂತು. ನೆತ್ತಿಯಿಂದ ಕಪ್ಪು ನೀರು ಬಿಟ್ಟಾಗ ಮೊದಲ ಹನಿ ನೇರ ಇಳಿದು ಸ್ಟೇಷನ್ ಹೆಂಚಿನ ಮೇಲೆ ಬಿತ್ತು. ಒರೆಸಲು ಹೋದೆ, ಆಮೇಲೆ ಬಿಟ್ಟೆ. ಹಳೇ ಹೆಂಚಿಗೆ ಪಾಚಿ ಕಟ್ಟಿದ ಹಾಗೇ ಕಾಣುತ್ತಿದೆ.

ರಾಗಿ ಹೊಲ ಕೈ ಹಿಡಿಯಿತು. ಅಂಗೈ ಅಗಲದ ಹೊಲ ನೆಡಲು ನಾಲ್ಕು ಸಂಜೆ ಬೇಕಾಯ್ತು. ಅಕ್ಕಡಿ ಸಾಲನ್ನು ಮನೆಯವರೇ ನೆಟ್ಟರು, ನಾನು ನೆಟ್ಟಿದ್ದು ಸೊಟ್ಟ ಅಂತ. ದ್ರಾಕ್ಷಿ ಚಪ್ಪರದ ಕಂಬಗಳು ಮಾತ್ರ ಇನ್ನೂ ಬೀಳುತ್ತಿವೆ. ಹಲಗೆಗೆ ತೂತು ಕೊರೆದು ನೆಡಬೇಕು ಅನ್ನಿಸುತ್ತೆ.

ಉಳಿದ ಅರ್ಧ ಬೆಟ್ಟ ಹಸಿರು ಬಣ್ಣದ ಸಮೇತ ತಾರಸಿಯಲ್ಲಿ ಬಿದ್ದಿದೆ. ಯಾರಿಗಾದರೂ ಬೇಕಾ?

ಗೊಂಬೆಮನೆ, ತಿಪಟೂರು

ನನಗೆ ಬೇಕು. ಕೃಷ್ಣನ ಗೊಂಬೆ ಇದೆ, ಎತ್ತಿ ಹಿಡಿಯೋಕೆ ಗೋವರ್ಧನ ಇರಲಿಲ್ಲ. ಹಸಿರು ಕೆರೆಯಬೇಡಿ, ಹಾಗೇ ಇರಲಿ.