ರಘುವಿನ ಟೈಪ್ ಆರ್‌ಗೆ ಎಷ್ಟು ಇಂಚಿನ ವೀಲ್?

ಗುಂಪು: ಮೆಕ್ಯಾನಿಕಲ್ 2006 ಬ್ಯಾಚ್

ರಘು (ಫ್ರೀಮಾಂಟ್): [ಫೋಟೊ] ನನ್ನ ಹೋಂಡಾ ಸಿವಿಕ್ ಟೈಪ್ ಆರ್ ಕಾರಿನ ಬ್ರೇಕ್, ವೀಲ್ ಬದಲಾಯಿಸಲು ಕೊನೆಗೂ ಮುಹೂರ್ತ ಬಂತು. ಮುಂದಿನ ಬ್ರೇಕಿಗೆ ಆರು ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕಿಟ್, 380 ಎಂಎಂ ಡಿಸ್ಕ್. ಜೊತೆಗೆ 20 ಇಂಚಿನ ಫೋರ್ಜ್ಡ್ ವೀಲ್. ಎಲ್ಲ ಕಾರ್ಟಿನಲ್ಲಿದೆ, ರಾತ್ರಿ ಆರ್ಡರ್ ಮಾಡುತ್ತೇನೆ. ಏನಂತೀರಾ?

ಸುನಿಲ್ (ಸನಿವೇಲ್): ತಡಿ ಗುರು. ಈಗಿರುವ ಬ್ರೇಕಿಗೆ ಏನಾಗಿದೆ ಅಂತ ಮೊದಲು ಹೇಳು.

ರಘು: ಲಗುನಾ ಸೇಕಾ ರೇಸ್ ಟ್ರ್ಯಾಕಿನಲ್ಲಿ ಕೈಕೊಟ್ಟಿತು ಮಾರಾಯ. ಕೆಲವು ಲ್ಯಾಪ್ ಚೆನ್ನಾಗಿಯೇ ಇತ್ತು. ಆಮೇಲೆ ಎರಡನೇ ತಿರುವಿಗೆ ಬರುವಾಗ ಪೆಡಲ್ ನೆಲಕ್ಕೇ ಹೋಯಿತು. ಒತ್ತಿ ಬಿಟ್ಟು ಒತ್ತಿ ಬಿಟ್ಟು ಹೇಗೋ ನಿಲ್ಲಿಸಿದೆ. ಇನ್ನು ಸಣ್ಣ ಬ್ರೇಕಿನ ಸಹವಾಸವೇ ಬೇಡ.

ನಾಗರಾಜ್ (ಬೆಂಗಳೂರು): ಪೆಡಲ್ ಮೆತ್ತಗಾಗಿ ಒಳಗೆ ಹೋಯಿತಾ? ಅಥವಾ ಗಟ್ಟಿಯಾಗಿದ್ದರೂ ಕಾರ್ ನಿಲ್ಲಲಿಲ್ಲವಾ? ಎರಡೂ ಬೇರೆ ಬೇರೆ ಕಾಯಿಲೆ.

ರಘು: ಮೆತ್ತಗೆ. ಸ್ಪಂಜ್ ಒತ್ತಿದ ಹಾಗೆ.

ನಾಗರಾಜ್: ಹಾಗಾದರೆ ಬ್ರೇಕ್ ಆಯಿಲ್ ಕುದ್ದಿದೆ. ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಅದರೊಳಗೆ ಎದ್ದ ಆವಿ ಕುಗ್ಗುತ್ತದೆ. ಅದಕ್ಕೇ ಕಾಲು ಹಾಗೇ ಒಳಗೆ ಹೋಗಿದ್ದು. ಪ್ಯಾಡ್ ಕಾದು ಹಿಡಿತ ಬಿಟ್ಟಿದ್ದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತಿತ್ತು. ಆಯಿಲ್ ಯಾವಾಗ ಬದಲಾಯಿಸಿದ್ದು?

ರಘು: ನಾನು ಬದಲಾಯಿಸಿಲ್ಲ. ಕಾರ್ 2018ರದ್ದು. ಮೊದಲಿನ ಓನರ್ ಮಾಡಿಸಿದ್ದರೋ ಏನೋ.

ನಾಗರಾಜ್: ನೋಡು ಮತ್ತೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತಲೇ ಇರುತ್ತದೆ. ಆಯಿಲ್‌ನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಸೇರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230, ತೇವ ಸೇರಿದರೆ 155. ಟ್ರ್ಯಾಕಿಗೆ ಅಂತಲೇ ಮಾಡಿದ ಆಯಿಲ್ ಹೊಸದಿದ್ದಾಗ 300 ದಾಟುತ್ತದೆ. ಅದನ್ನು ಹಾಕಿಸು, ಲೈನಿನ ಗಾಳಿ ಪೂರ್ತಿ ತೆಗೆಸು. ಜೊತೆಗೆ ಟ್ರ್ಯಾಕ್ ಪ್ಯಾಡ್. ಕಿಟ್ಟಿನ ಬೆಲೆಯ ಮುಂದೆ ಇದೆಲ್ಲ ಏನೂ ಅಲ್ಲ.

ರಘು: ಡಿಸ್ಕ್ ದೊಡ್ಡದಿದ್ದಿದ್ದರೆ ಆಯಿಲ್ ಕುದಿಯುವಷ್ಟು ಬಿಸಿಯೇ ಆಗುತ್ತಿರಲಿಲ್ಲ ಅಲ್ವಾ?

ಸುನಿಲ್: ಕಮ್ಮಿ ಆಗುತ್ತಿತ್ತು, ಒಪ್ಪುತ್ತೇನೆ. 80ರ ವೇಗಕ್ಕಿಂತ 160ರಿಂದ ನಿಲ್ಲಿಸುವಾಗ ನಾಲ್ಕು ಪಟ್ಟು ಬಿಸಿ ಹುಟ್ಟುತ್ತದೆ. ಅದನ್ನು ನುಂಗಲು ಕಬ್ಬಿಣ ಜಾಸ್ತಿ ಇದ್ದರೆ ಒಳ್ಳೆಯದೇ. ಆದರೆ ನಿನ್ನ 350 ಎಂಎಂ ಡಿಸ್ಕ್ ಸಣ್ಣದು ಅಂತ ಯಾರು ಹೇಳಿದ್ದು? ಜೋರಾಗಿ ಒತ್ತಿದಾಗ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಪೆಡಲ್ ಮೂಲಕ ಕಾಲಿಗೆ ತಟ್ಟುತ್ತದಾ?

ರಘು: ತಟ್ಟುತ್ತದೆ.

ಸುನಿಲ್: ಅಂದರೆ ಚಕ್ರ ಲಾಕ್ ಮಾಡುವಷ್ಟು ಶಕ್ತಿ ಈಗಲೇ ಇದೆ. ಅಲ್ಲಿಂದಾಚೆ ಕಾರ್ ನಿಲ್ಲಿಸಬೇಕಾದ್ದು ಟೈರ್. 380 ಹಾಕಿದರೂ ಮೊದಲ ಸಲ ನಿಲ್ಲುವ ದೂರ ಅಷ್ಟೇ. ಹೋಂಡಾದವರು 2020ರಲ್ಲಿ ಇದೇ ಕಾರಿಗೆ ಎರಡು ತುಂಡಿನ ಹಗುರ ಡಿಸ್ಕ್ ಕೊಟ್ಟರು, ಬೇರೆ ಪ್ಯಾಡ್ ಕೊಟ್ಟರು, ಗ್ರಿಲ್ ಬಾಯಿ ಅಗಲ ಮಾಡಿದರು. ಡಿಸ್ಕಿನ ಅಳತೆ ಮಾತ್ರ 350ರಲ್ಲೇ ಉಳಿಯಿತು. 2023ರ ಹೊಸ ಟೈಪ್ ಆರ್‌ನಲ್ಲಿ ಶಕ್ತಿ 306ರಿಂದ 315 ಎಚ್‌ಪಿಗೆ ಏರಿತು. ಅದರಲ್ಲೂ 350ಯೇ. ವೀಲನ್ನು 20ರಿಂದ 19ಕ್ಕೆ ಇಳಿಸಿದ್ದಾರೆ. ನೀನು ಎರಡರಲ್ಲೂ ಉಲ್ಟಾ ಹೊರಟಿದ್ದೀಯ.

ಶ್ವೇತಾ (ಡೆಟ್ರಾಯಿಟ್): ನನ್ನ ಕೆಲಸವೇ ಎಬಿಎಸ್ ಟ್ಯೂನಿಂಗ್, ಅದಕ್ಕೆ ಹೇಳುತ್ತೇನೆ. ಇಷ್ಟು ಒತ್ತಡ ಕೊಟ್ಟರೆ ಮುಂದಿನ ಚಕ್ರಕ್ಕೆ ಇಷ್ಟು ಹಿಡಿತ ಅಂತ ಲೆಕ್ಕ ಇಟ್ಟುಕೊಂಡೇ ಅದನ್ನು ಬರೆದಿರುತ್ತಾರೆ. ಪಿಸ್ಟನ್ ಒಟ್ಟು ವಿಸ್ತೀರ್ಣ ಅಷ್ಟೇ ಇಟ್ಟು ಡಿಸ್ಕ್ ಮಾತ್ರ 380 ಮಾಡಿದರೂ ಮುಂದಿನ ಬ್ರೇಕ್ ಸುಮಾರು ಹತ್ತರಲ್ಲೊಂದು ಪಾಲು ಜಾಸ್ತಿ ಹಿಡಿಯುತ್ತದೆ. ಹಿಂದೆ ಅದೇ 305 ಎಂಎಂ ಡಿಸ್ಕ್. ಮುಂದಿನ ಟೈರ್ ಬೇಗ ಸೋಲುತ್ತದೆ, ಹಿಂದಿನದು ಸುಮ್ನೆ ಉರುಳುತ್ತದೆ. ಪಿಸ್ಟನ್ ವಿಸ್ತೀರ್ಣವೂ ಹೆಚ್ಚಿದರೆ ಪೆಡಲ್ ಇನ್ನೂ ಉದ್ದ ಹೋಗುತ್ತದೆ. ನೀನು ಬೇಡ ಅಂದಿದ್ದೇ ಅದನ್ನು ಅಲ್ವಾ? ಕಿಟ್ ಮಾರುವವರನ್ನು ಪಿಸ್ಟನ್ ಅಳತೆ ಕೇಳು. ಕೊಡದಿದ್ದರೆ ತಗೋಬೇಡ.

ಮಂಜ (ದಾವಣಗೆರೆ): ವೀಲಿನ ವಿಷಯಕ್ಕೆ ನಾನು ಬರುತ್ತೇನೆ. ಟೈರ್ ಅಂಗಡಿಯವನು ನಾನು. ಈಗಿರುವುದು 245/30 ಆರ್20. ಟೈರಿನ ಅಗಲ 245 ಎಂಎಂ, ರಿಮ್ 20 ಇಂಚು. 245ರ ನೂರಕ್ಕೆ 30 ಅಂದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) 73.5 ಎಂಎಂ. ಅಷ್ಟರಲ್ಲಿ ಗುಂಡಿಗೆ ಬಿದ್ದರೆ ರಿಮ್ಮೇ ಪೆಟ್ಟು ತಿನ್ನುತ್ತದೆ. ಒಳಗಿನ ತುಟಿ ಬಗ್ಗಿರುವುದು ಹೊರಗಿನಿಂದ ಕಾಣುವುದೂ ಇಲ್ಲ. ಮೇಲೆತ್ತಿ ತಿರುಗಿಸಿದಾಗಲೇ ಗೊತ್ತಾಗುವುದು. 265/35 ಆರ್18 ಹಾಕು. ಸೈಡ್‌ವಾಲ್ 92.75 ಆಗುತ್ತದೆ, ಅಗಲ 20 ಎಂಎಂ ಜಾಸ್ತಿ.

ರಘು: 880 ಫ್ರೀವೇನಲ್ಲಿ ಒಂದು ರಿಮ್ ಆಗಲೇ ಬಗ್ಗಿದೆ ಮಂಜ. ಆದರೆ ಅಷ್ಟು ದಪ್ಪ ಟೈರ್ ಹಾಕಿದರೆ ಸ್ಪೀಡೋಮೀಟರ್ ತಪ್ಪು ತೋರಿಸಲ್ವಾ?

ಮಂಜ: ಲೆಕ್ಕ ಹಾಕು. 20 ಇಂಚು 508 ಎಂಎಂ, ಎರಡು ಕಡೆಯ ಸೈಡ್‌ವಾಲ್ 147. ಒಟ್ಟು 655. 18 ಇಂಚು 457.2, ಸೈಡ್‌ವಾಲ್ 185.5. ಒಟ್ಟು 642.7. ನೂರಕ್ಕೆ ಎರಡಕ್ಕಿಂತ ಚೂರು ಕಮ್ಮಿ ವ್ಯತ್ಯಾಸ. ಮೀಟರ್ ಈಗಿನದಕ್ಕಿಂತ ಅಷ್ಟು ಜಾಸ್ತಿ ತೋರಿಸುತ್ತದೆ. ಗೇರ್ ಚೂರು ಚುರುಕಾಗುತ್ತದೆ. ಏನೂ ತೊಂದರೆ ಇಲ್ಲ. ಲೋಡ್ ಇಂಡೆಕ್ಸ್ 90ಕ್ಕಿಂತ ಕೆಳಗಿಳಿಯಬಾರದು, ಅದನ್ನು ನೋಡಿಕೋ. 90 ಅಂದರೆ ಒಂದು ಟೈರಿಗೆ 600 ಕೆಜಿ.

ಪ್ರಕಾಶ (ದುಬೈ): ರಘು, ನಿನ್ನ ಕಾರಿನ ವೀಲ್ ತೂತು 5x120 (120 ಎಂಎಂ ವೃತ್ತದಲ್ಲಿ ಐದು ತೂತು) ಅಲ್ವಾ? ಬಿಎಂಡಬ್ಲ್ಯುದೂ ಬಹಳ ಹಳೆ ಕಾರುಗಳಲ್ಲಿ ಅದೇ. ಹಳೆ 18 ಇಂಚಿನ ವೀಲ್ ಅಗ್ಗಕ್ಕೆ ಸಿಗುತ್ತವಲ್ಲ.

ಮಂಜ: ತೂತು ಕೂಡಿಬಂದರೆ ಸಾಲದು ಪ್ರಕಾಶ. ಆ ವೀಲ್‌ಗಳ ನಡುವಿನ ರಂಧ್ರ 72.6 ಎಂಎಂ, ಅದು ಕೂರಬೇಕಾದ ಹೋಂಡಾ ಹಬ್ 64.1. ನಡುವೆ ರಿಂಗ್ ಬೇಕು. ನಟ್ ಇನ್ನೂ ಮುಖ್ಯ. ಹೋಂಡಾದ ನಟ್‌ನ ತಳ ಗುಂಡಗಿರುತ್ತದೆ, ಹೊರಗಿನ ವೀಲ್‌ಗಳಿಗೆ ಸಾಮಾನ್ಯವಾಗಿ ಕೋನ್ ಆಕಾರದ್ದು ಬೇಕು. ಗುಂಡು ನಟ್ಟನ್ನು ಕೋನ್ ಕುಳಿಗೆ ಬಿಗಿದರೆ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ಹಿಡಿದಿರುತ್ತದೆ. ಬಿಗಿಯಾಗಿದೆ ಅನ್ನಿಸುತ್ತದೆ, ಓಡುತ್ತಾ ಸಡಿಲವಾಗುತ್ತದೆ.

ಸುನಿಲ್: ಸರಿ, 18 ಅಂತಾಯಿತು. ಅಗಲ 9.5 ಇಂಚು, ಆಫ್‌ಸೆಟ್ (ವೀಲಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಎಂಎಂ ಹೊರಗಿದೆ ಅನ್ನುವುದು) 45 ತಗೋ. ಬೇಕಾದಷ್ಟು ಸಿಗುತ್ತದೆ, ನೋಡುವುದಕ್ಕೂ ತುಂಬಿಕೊಂಡ ಹಾಗಿರುತ್ತದೆ.

ಶ್ವೇತಾ: 45 ಬೇಡ. ಕಂಪನಿ ಕೊಟ್ಟಿರುವುದು 8.5 ಇಂಚು, ಆಫ್‌ಸೆಟ್ 60. ಈ ಕಾರಿನ ವಿಶೇಷವೇ ಮುಂದಿನ ಡ್ಯುಯಲ್ ಆಕ್ಸಿಸ್ ಸ್ಟ್ರಟ್ (ಚಕ್ರವನ್ನು ಹಿಡಿದಿರುವ ಸಸ್ಪೆನ್ಶನ್ ಕಂಬ). ಚಕ್ರ ತಿರುಗುವ ಅಕ್ಷವನ್ನು ಟೈರಿನ ನಡುವಿನ ಹತ್ತಿರಕ್ಕೆ ತಂದಿದ್ದಾರೆ. ಅದಕ್ಕೇ ಅಷ್ಟು ಶಕ್ತಿ ಮುಂದಿನ ಚಕ್ರಕ್ಕೆ ಹೋದರೂ ಸ್ಟೀರಿಂಗ್ ಕೈಯಿಂದ ಎಳೆಯುವುದಿಲ್ಲ. ನೀನು 45 ಹಾಕಿದರೆ ಚಕ್ರದ ನಡು 15 ಎಂಎಂ ಆಚೆ ಹೋಗುತ್ತದೆ. ಹೊರ ಅಂಚು ಸುಮಾರು 28 ಎಂಎಂ ಆಚೆ ಬರುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ ಸ್ಟ್ರಟ್ಟಿನ ಲಾಭವನ್ನು ನಾವೇ ಕಳೆದ ಹಾಗೆ.

ಸುನಿಲ್: 45 ಹಾಕಿ ಓಡಿಸುವವರು ಎಷ್ಟು ಜನ ಇದ್ದಾರೆ ಶ್ವೇತಾ. ಯಾರೂ ದೂರಿಲ್ಲ.

ಶ್ವೇತಾ: ಓಡುತ್ತದೆ ಕಣೋ, ಓಡುವುದಿಲ್ಲ ಅಂತ ನಾನು ಎಲ್ಲಿ ಹೇಳಿದೆ? ತಿರುವಿನಿಂದ ಹೊರಬರುವಾಗ ಎಕ್ಸಲರೇಟರ್ ತುಂಬ ಒತ್ತಿದರೆ ಸ್ಟೀರಿಂಗ್ ತುಂಟತನ ಮಾಡುತ್ತದೆ. ಆಫ್‌ಸೆಟ್ 60ರಲ್ಲಿ 9.5 ಹಾಕಿದರೆ ಒಳಗೆ 12.7, ಹೊರಗೆ 12.7 ಅಷ್ಟೇ. ಹೊಸ ಟೈಪ್ ಆರ್‌ನಲ್ಲಿ ಹೋಂಡಾ ಇಟ್ಟಿರುವುದೂ 9.5 ಇಂಚು, ಆಫ್‌ಸೆಟ್ 60.

ಸುನಿಲ್: ಒಳಗಡೆ ಸ್ಟ್ರಟ್ಟಿಗೆ ತಾಗಿದರೆ?

ಶ್ವೇತಾ: ಅಳೆಯಬೇಕು. ಮುಂದಿನ ಚಕ್ರ ಬಿಚ್ಚುವ ಮೊದಲು ಟೈರಿನ ಒಳಗೋಡೆಗೂ ಸ್ಟ್ರಟ್ಟಿಗೂ ಎಷ್ಟು ಜಾಗ ಇದೆ ನೋಡು ರಘು. 265 ಟೈರ್ ಇನ್ನೂ ಸ್ವಲ್ಪ ಉಬ್ಬುತ್ತದೆ, ಅದನ್ನೂ ಸೇರಿಸಿಕೋ. ಕಡೆಗೆ 55 ಆದರೂ ಪರವಾಗಿಲ್ಲ. 45ಕ್ಕೆ ಮಾತ್ರ ಇಳಿಯಬೇಡ.

ನಾಗರಾಜ್: ಕ್ಯಾಲಿಪರ್ (ಪಿಸ್ಟನ್, ಪ್ಯಾಡ್ ಇರುವ ಬ್ರೇಕಿನ ಹಿಡಿ) ಜಾಗವನ್ನೂ ನೋಡಿಕೋ. ಎಲ್ಲ 18ರ ವೀಲೂ ಈ ಕಾರಿನ ಬ್ರೆಂಬೊ ಕ್ಯಾಲಿಪರ್ ಮೇಲೆ ಕೂರುತ್ತದೆ ಅಂತ ನಂಬಬೇಡ. ವ್ಯಾಸ ಸರಿಯಿದ್ದರೂ ಕಡ್ಡಿಯ ಬೆನ್ನು ಕ್ಯಾಲಿಪರ್ ಮುಖಕ್ಕೆ ಉಜ್ಜುತ್ತದೆ. ವೀಲ್ ಮಾಡುವವರ ಹತ್ತಿರ ಕ್ಯಾಲಿಪರ್ ನಕ್ಷೆ ಇದ್ದರೆ ತರಿಸು. ರಟ್ಟಿನಲ್ಲಿ ಕತ್ತರಿಸಿ ಹಿಡಿದು ನೋಡು. 380 ಡಿಸ್ಕ್ ಹಾಕಿದರೆ ಬಹಳಷ್ಟು 18ರ ವೀಲ್ ಕೂರುವುದೇ ಇಲ್ಲ. ಹಿಂದಕ್ಕೆ ಬರುವ ದಾರಿಯೂ ಮುಚ್ಚುತ್ತದೆ.

ರಘು: ಬ್ರೇಕ್ ಕಿಟ್ ಕಾರ್ಟಿನಿಂದ ತೆಗೆದೆ. ಆಯಿಲ್, ಪ್ಯಾಡ್ ಹಾಕಿದೆ. ಆದರೆ 20 ಇಂಚು ನೋಡುವುದಕ್ಕೆ ಚೆಂದ ಕಣ್ರೋ, ಅದನ್ನು ಬಿಡೋಕೆ ಮನಸ್ಸಿಲ್ಲ.

ಸುನಿಲ್: ಬಿಡು ಅಂತ ಯಾರು ಹೇಳಿದ್ದು? ಹಳೆಯ 20 ಮನೆಯಲ್ಲಿರಲಿ, ಮದುವೆ ಮುಂಜಿಗೆ ಹಾಕಿಕೋ. ಹೊಸ ದುಡ್ಡು 18ಕ್ಕೆ ಹೋಗಲಿ.

ಮಂಜ: ಬಗ್ಗಿರುವ ರಿಮ್ ಮಾತ್ರ ಹಾಕಬೇಡ. ಮೊದಲು ಅದರ ಒಳ ತುಟಿಯ ಫೋಟೊ ಕಳಿಸು, ಬಿರುಕು ಇದೆಯಾ ನೋಡೋಣ.

ರಘು: ಶನಿವಾರ ಚಕ್ರ ಬಿಚ್ಚುತ್ತೇನೆ. ಸ್ಟ್ರಟ್ಟಿನ ಅಳತೆ, ರಿಮ್ ಫೋಟೊ ಎರಡೂ ಹಾಕುತ್ತೇನೆ. ಅಲ್ಲಿಯವರೆಗೆ ವೀಲ್ ಆರ್ಡರ್ ಇಲ್ಲ.